ಮುಟ್ಟದಿದ್ದರೆ ಮೆತ್ತಗಿರುತ್ತದೆ

ಹೊಸ ಕಾರಿನ ಜಾಹೀರಾತಿನಲ್ಲಿ ‘ಸಾಫ್ಟ್ ಟಚ್ ಡ್ಯಾಶ್‌ಬೋರ್ಡ್’ ಎಂದು ಬರೆದಿರುತ್ತದೆ. ಸುಳ್ಳಲ್ಲ. ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ನೆತ್ತಿಯ ಮೇಲೆ, ಒಂದು ಗೇಣು ಜಾಗ ನಿಜವಾಗಿಯೂ ಮೆತ್ತಗಿರುತ್ತದೆ. ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ. ಗಣಪತಿ ಮಾತ್ರ ಕೂರುತ್ತಾನೆ. ನಾವು ಮೊಣಕೈ ಊರುವ ಬಾಗಿಲಿಗೆ ಬಕೆಟ್ಟಿನ ಪ್ಲಾಸ್ಟಿಕ್ಕು. ಅದರ ಮೇಲೂ ಚಂದದ ಹೊಲಿಗೆ ಕಾಣುತ್ತದೆ. ಉಗುರಿನಿಂದ ಕೆರೆದು ನೋಡಿ, ದಾರವೇ ಇಲ್ಲ. ಅಚ್ಚಿನಲ್ಲೇ ಮೂಡಿಸಿದ ಹೊಲಿಗೆ! ದರ್ಜಿಯ ಕೂಲಿ ಉಳಿಯಿತು.

ಇನ್ನು ‘ಪಿಯಾನೋ ಬ್ಲ್ಯಾಕ್’. ಮಿರಮಿರ ಮಿಂಚುವ ಕಪ್ಪು ಪ್ಲಾಸ್ಟಿಕ್ಕಿಗೆ ಇಟ್ಟ ಹೆಸರು. ಹಾಕುವುದು ಗೇರಿನ ಸುತ್ತ, ಅಂದರೆ ದಿನವಿಡೀ ಕೈ ತಾಗುವ ಕಡೆಯೇ. ಬೆರಳಿಟ್ಟರೆ ಗುರುತು, ಒರೆಸಿದರೆ ಗೀರು, ಸುಮ್ನೆ ಬಿಟ್ಟರೆ ಧೂಳು.

ಏಸಿ ಗಾಳಿ ಕಮ್ಮಿ ಮಾಡಬೇಕೇ? ಪರದೆ ತಡಕಿ. ಒಂದೊಂದು ಗುಂಡಿಗೂ ಸ್ವಿಚ್ಚು, ವೈರು, ಅಚ್ಚು ಬೇಕು. ಒಂದು ಪರದೆ ಇಟ್ಟರೆ ಅಷ್ಟೂ ಖರ್ಚು ಮಿಕ್ಕಿತು. ಮಿಕ್ಕಿದ್ದನ್ನೇ ‘ಪ್ರೀಮಿಯಂ’ ಅಂತ ಮಾರುವುದಿದೆಯಲ್ಲ, ಅದಕ್ಕೆ ಕೈ ಮುಗಿಯಬೇಕು. ಯುರೋಪಿನಲ್ಲಿ, ಕಾರು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಗೆ ತಾಳ್ಮೆ ತಪ್ಪಿದೆ. ಇಂಡಿಕೇಟರ್, ವೈಪರ್, ಹಾರ್ನ್ ಇಂಥವಕ್ಕೆ ಕೈಗೆ ಸಿಗುವ ಗುಂಡಿ, ಕಡ್ಡಿ ಇಲ್ಲದಿದ್ದರೆ 2026ರಿಂದ ಅಂಕ ಕಡಿತ. ಹಾರ್ನಿಗೊಂದು ಗುಂಡಿ ಕೊಡ್ರಪ್ಪಾ ಎಂದು ಬೇಡುವ ಕಾಲ! ನಮಗೆ ಗುಂಡಿಗಳ ಬರವಿಲ್ಲ, ಎಲ್ಲ ರಸ್ತೆಯಲ್ಲಿವೆ.

ಅವುಗಳಲ್ಲಿ ಇಳಿದಾಗಲೇ ಕಾರು ಬಾಯಿ ಬಿಡುವುದು. ಬಾಗಿಲು ಕಟಕಟ, ಡ್ಯಾಶ್‌ಬೋರ್ಡು ಕಿರ್‌ಕಿರ್. ಸರ್ವಿಸ್ ಸೆಂಟರಿಗೆ ಹೋದರೆ ಒಂದೇ ಉತ್ತರ: “ಓಡಿಸಿ ನೋಡಿದ್ವಿ ಸಾರ್, ನಮಗೇನೂ ಕೇಳಿಸ್ಲಿಲ್ಲ.” ಜಗಳ ಮಾಡಿದರೆ ಸಂದಿಗೆ ಫೋಮ್ ಚೂರು ತುರುಕುತ್ತಾರೆ. ಎಂಟು ಸ್ಪೀಕರ್ ಯಾಕೆ ಕೊಟ್ಟಿದ್ದಾರೆಂದು ಆಗ ಹೊಳೆಯುತ್ತದೆ. ಕರ್ನಾಟಕದಲ್ಲಿ 10 ಲಕ್ಷ ದಾಟಿ 20 ಲಕ್ಷದೊಳಗಿರುವ ಪೆಟ್ರೋಲ್ ಕಾರಿಗೆ ಬೆಲೆಯ ಮೇಲೆ ನೂರಕ್ಕೆ 17 ರೂಪಾಯಿ ಜೀವಿತಾವಧಿ ತೆರಿಗೆ. ಪ್ಲಾಸ್ಟಿಕ್ ಕ್ಲಿಪ್ಪಿಗೂ ತೆರಿಗೆ, ಅದನ್ನು ಕಳಚುವ ರಸ್ತೆಗೂ ನಮ್ಮದೇ ತೆರಿಗೆ.

“ಅಂಬಾಸಿಡರ್ ತಗಡು ನೋಡ್ಬೇಕಿತ್ತು” ಎನ್ನುವ ಹಿರಿಯರ ಜತೆ ನಾನಿಲ್ಲ. ಗುದ್ದಿದಾಗ ಬಾನೆಟ್ ಮುದುಡಲೇಬೇಕು. ಆ ಪೆಟ್ಟು ನಮಗೆ ಬರದಿರಲೆಂದೇ ಹಾಗೆ ಮಾಡಿರುತ್ತಾರೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಇಲ್ಲಿನ ಐದು ಕಾರು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ. 2018ರಲ್ಲಿ ಟಾಟಾ ನೆಕ್ಸಾನ್ 5 ಸ್ಟಾರ್ ತಂದಿತು. 2023ರಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾಯಿತು. ಮೈ ಗಟ್ಟಿಯಾಯಿತು, ಸಂತೋಷ. ಗ್ಲವ್‌ಬಾಕ್ಸಿನ ಮುಚ್ಚಳಕ್ಕೆ ಮಾತ್ರ ಯಾವ ಸ್ಟಾರೂ ಇಲ್ಲ.

ಕಂಪನಿಯವರನ್ನೇ ಬೈದರೆ ಹೇಗೆ? ಶೋರೂಮಿನಲ್ಲಿ ನಾವು ಕೇಳುವ ಮೊದಲ ಪ್ರಶ್ನೆಯೇ “ಸನ್‌ರೂಫ್ ಇದೆಯಾ?” ಏಪ್ರಿಲ್ ಬಿಸಿಲಿನ ಬಳ್ಳಾರಿಯಲ್ಲೂ ಅದೇ ಪ್ರಶ್ನೆ. ಕಾರು ಮನೆಗೆ ಬಂದ ಮೇಲೆ ಲೆದರೆಟ್, ಅಂದರೆ ನಕಲಿ ಚರ್ಮದ ಸೀಟಿನ ಪಾಲಿಥಿನ್ ಹೊದಿಕೆಯನ್ನು ವರ್ಷವಾದರೂ ಕಿತ್ತು ಹಾಕುವುದಿಲ್ಲ. ಒಳಗಿನ ಪ್ಲಾಸ್ಟಿಕ್ಕು ಕೊಳೆ ಆಗಬಾರದಲ್ವಾ?