ಪೇಟ ತೊಡಿಸುವ ಇಲಾಖೆ

ಇಂಗ್ಲಿಷಿನ ಅರಮನೆಯಲ್ಲಿ ಪದಗಳಿಗೆ ಪೇಟ ತೊಡಿಸುವ ಒಂದು ಇಲಾಖೆಯಿದೆ. ಅಂಕಿತನಾಮಕ್ಕೆ ದೊಡ್ಡಕ್ಷರ, ರೂಢನಾಮಕ್ಕೆ ಸಣ್ಣಕ್ಷರ ಎಂಬ ಒಂದೇ ಸಾಲಿನ ಕಾನೂನನ್ನು ಅದರ ಬಾಗಿಲ ಮೇಲೆ ತೂಗುಹಾಕಿದ್ದಾರೆ. ಆ ಕಾನೂನು ಬಾಗಿಲಿನಿಂದ ಒಳಗೆ ನಡೆಯುವುದಿಲ್ಲವೆಂಬುದು ಕಾಲಿಟ್ಟವರಿಗಷ್ಟೇ ತಿಳಿಯುತ್ತದೆ.

ಸೋಮವಾರಕ್ಕೆ ಪೇಟವಿದೆ, ಜನವರಿಗೂ ಇದೆ. ಆದರೆ ತಿಂಗಳುಗಟ್ಟಲೆ ದುಡಿಯುವ ಬೇಸಿಗೆ, ಚಳಿಗಾಲಗಳು ಬರಿತಲೆಯಲ್ಲೇ ನಿಂತಿವೆ. ಯಾರ ಅಂಕಿತವೂ ಅಲ್ಲದ, ಬಾಯಿಬಿಟ್ಟವರೆಲ್ಲರ ಸೊತ್ತಾದ ‘ಐ’ ಎಂಬ ಸರ್ವನಾಮ ಮಾತ್ರ ವಾಕ್ಯದ ನಡುವೆಯೂ ಎದೆಯುಬ್ಬಿಸಿ ನಿಲ್ಲುತ್ತದೆ. ಕೈಬರಹದ ಕಾಲದಲ್ಲಿ ಒಂಟಿ ಸಣ್ಣಕ್ಷರ ಕಣ್ತಪ್ಪುತ್ತಿತ್ತೆಂಬುದು ಅದಕ್ಕೆ ಕೊಡುವ ಸಮಜಾಯಿಷಿ. ಅದೇ ‘ಐ’ ದ್ವಿತೀಯಾ ವಿಭಕ್ತಿಗೆ ಇಳಿದು ‘ಮಿ’ ಆದೊಡನೆ ಪೇಟ ಕಳಚಿ ಕೈಕಟ್ಟಿ ನಿಲ್ಲುತ್ತದೆ. ಎದುರಿಗಿರುವ ‘ಯೂ’ಗೆ ಪ್ರಥಮೆಯಲ್ಲೂ ಆ ಭಾಗ್ಯವಿಲ್ಲ.

ಈಚೆಗೆ ಹುಡುಗಿಯೊಬ್ಬಳ ಪ್ರಬಂಧದ ಹಾಳೆಯೊಂದು ನನ್ನ ಕೈಗೆ ಬಂದಿತ್ತು. ‘ಮೈ ಮದರ್’ ಎಂಬಲ್ಲಿ ಆಕೆ ತಾಯಿಗೆ ದೊಡ್ಡ ಎಮ್ ಕೊಟ್ಟಿದ್ದಳು. ಅದರ ಸುತ್ತ ಕೆಂಪು ಶಾಯಿಯ ಸುತ್ತು, ಅಂಚಿನಲ್ಲಿ ಕಳೆದ ಅರ್ಧ ಅಂಕ. ಹೆಸರಿನ ಬದಲಿಗೆ ‘ಮದರ್’ ಎಂದೇ ಕರೆದರೆ ದೊಡ್ಡಕ್ಷರ ಸಲ್ಲುತ್ತದೆ, ‘ನನ್ನ’ ಎಂದು ಸೇರಿಸಿದರೆ ಸಲ್ಲುವುದಿಲ್ಲ. ಅಂದರೆ ನನ್ನ ತಾಯಿ ಎಂದು ಅಪ್ಪಿಕೊಂಡ ಮರುಕ್ಷಣವೇ ಪೇಟ ಉರುಳುತ್ತದೆ. ‘ಅಂಕಲ್ ಜಾನ್’ ಬಂದರೆ ಅಂಕಲ್ಲಿಗೆ ಮರ್ಯಾದೆ ಉಂಟು. ‘ನನ್ನ ಅಂಕಲ್’ ಆಗಿ ಬಂದವರು ಚಪ್ಪಲಿಯ ಜೊತೆ ಅದನ್ನೂ ಹೊರಗೇ ಬಿಟ್ಟು ಬರಬೇಕು.

ವಿಜ್ಞಾನಿಗಳಿಗಾದ ಅವಮಾನ ಇದಕ್ಕೂ ಸೊಗಸಾಗಿದೆ. ಬಲದ ಮಾನಕ್ಕೆ ನ್ಯೂಟನ್ನರ ಹೆಸರಿಟ್ಟು ಗೌರವಿಸಿದವರು, ಆ ಹೆಸರನ್ನು ಪೂರ್ತಿ ಬರೆದರೆ ಸಣ್ಣ ಎನ್, ಸಂಕೇತವಾಗಿ ಮೊಟಕುಗೊಳಿಸಿದರೆ ದೊಡ್ಡ ಎನ್ ಎಂದು ವಿಧಿಸಿದರು. ದೇಹ ಕತ್ತರಿಸಿದ ಮೇಲೆ ತಲೆಗೆ ಕಿರೀಟ. ವಾಟ್, ಪಾಸ್ಕಲ್, ಕೆಲ್ವಿನ್ನರೂ ಇದೇ ಸಾಲಿನಲ್ಲಿದ್ದಾರೆ. ಸೆಲ್ಸಿಯಸ್ಸರೊಬ್ಬರು ಪಾರಾದರು, ಏಕೆಂದರೆ ಅವರ ಮುಂದೆ ನಡೆಯುವ ‘ಡಿಗ್ರಿ’ ಎಂಬ ಆಳು ಬರಿತಲೆಯ ಹರಕೆಯನ್ನು ತಾನೇ ತೀರಿಸಿಬಿಡುತ್ತಾನೆ. ಯಾವ ವಿಜ್ಞಾನಿಯ ಹೆಸರೂ ಅಲ್ಲದ ಲೀಟರಿಗೆ ದೊಡ್ಡ ಎಲ್ ಕೂಡ ಸಂಕೇತವಾಗಿ ನಡೆಯುತ್ತದೆಂದು 1979ರಲ್ಲಿ ಅಪ್ಪಣೆಯಾಯಿತು: ಸಣ್ಣ ಎಲ್ ಒಂದು ಎಂಬ ಅಂಕಿಯಂತೆ ಕಾಣುತ್ತಿತ್ತಂತೆ.

ವ್ಯಾಪಾರಿಗಳ ಕಥೆ ಬೇರೆ. ಓಟಿಸ್ ಕಂಪನಿಯ ‘ಎಸ್ಕಲೇಟರ್’ ಎಷ್ಟು ಜನಪ್ರಿಯವಾಯಿತೆಂದರೆ, ಅದು ಎಲ್ಲರ ಬಾಯಲ್ಲಿ ರೂಢನಾಮವಾಗಿದೆಯೆಂಬ ಕಾರಣಕ್ಕೆ 1950ರಲ್ಲಿ ಅಮೆರಿಕದಲ್ಲಿ ಅದರ ಟ್ರೇಡ್‌ಮಾರ್ಕೇ ರದ್ದಾಯಿತು. ಗೆದ್ದ ತಪ್ಪಿಗೆ ದೊಡ್ಡ ಇ ದಂಡವಾಗಿ ಹೋಯಿತು. ಇತ್ತ ಐಫೋನು ಕೈಯಾರೆ ಸಣ್ಣ ಐ ತೊಟ್ಟು ಹುಟ್ಟಿ, ಅದನ್ನು ವಾಕ್ಯದ ಮೊದಲಲ್ಲಿ ಹೇಗೆ ಕೂರಿಸಬೇಕೆಂದು ಸಂಪಾದಕರು ತಲೆ ಕೆರೆದುಕೊಳ್ಳುವಂತೆ ಮಾಡಿದೆ.

ಈ ಜಂಜಾಟವೇ ಬೇಡವೆಂದು ಜರ್ಮನರು ಸಕಲ ನಾಮಪದಗಳಿಗೂ, ಕಸಬರಿಗೆಯೂ ಸೇರಿದಂತೆ, ಪೇಟ ಕಟ್ಟಿಬಿಟ್ಟರು. ಹಾಗೆಯೇ ಕಟ್ಟುತ್ತಿದ್ದ ಡೇನರು 1948ರಲ್ಲಿ ರೂಢನಾಮಗಳಿಂದ ಅದನ್ನು ಬಿಚ್ಚಿಸಿಕೊಂಡರು. ಇಂಗ್ಲಿಷಿನವರೂ ಒಂದು ಕಾಲಕ್ಕೆ ಧಾರಾಳಿಗಳೇ ಆಗಿದ್ದರು. 1787ರ ಅಮೆರಿಕದ ಸಂವಿಧಾನದ ಕೈಬರಹದ ಪ್ರತಿಯಲ್ಲಿ ಸಾಲುಸಾಲಿಗೆ ರೂಢನಾಮಗಳು ದೊಡ್ಡಕ್ಷರ ತೊಟ್ಟು ಕುಳಿತಿವೆ. ಆಮೇಲೆ ಏಕೋ ಬಟ್ಟೆ ಸಾಲದೆ ಬಂತು.

ಅರ್ಧ ಅಂಕ ಕಳೆದುಕೊಂಡ ಆ ಹುಡುಗಿ ತಂಟೆಯೇ ಬೇಡವೆಂದು ಮುಂದಿನ ಪ್ರಬಂಧವನ್ನು ಆದಿಯಿಂದ ಅಂತ್ಯದವರೆಗೆ ದೊಡ್ಡಕ್ಷರಗಳಲ್ಲೇ ಬರೆದಳು. ‘ಇದು ಕಿರುಚಿದಂತಾಗುತ್ತದೆ, ಶಿಷ್ಟಾಚಾರವಲ್ಲ’ ಎಂಬ ಷರಾದೊಂದಿಗೆ ಹಾಳೆ ಹಿಂದಿರುಗಿತು. ಅದೇ ವಾರ ಅದೇ ಶಾಲೆ ಅವಳ ಕೈಗಿತ್ತ ಪರೀಕ್ಷೆಯ ಅರ್ಜಿಯ ನೆತ್ತಿಯ ಮೇಲೆ ಹೀಗೆ ಅಚ್ಚಾಗಿತ್ತು: ‘ಎಲ್ಲ ವಿವರಗಳನ್ನೂ ದೊಡ್ಡಕ್ಷರಗಳಲ್ಲೇ ಭರ್ತಿ ಮಾಡತಕ್ಕದ್ದು.’