ಎಂಜಿನ್ ಹೇಳಿದ ಪ್ಲಸ್ ಮೂರು

ಕಳೆದ ತಿಂಗಳ ಒಂದು ಭಾನುವಾರ, ಕಲಬುರಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಡೆಸುವ ಚೆಸ್ ಪಾಠಕ್ಕೆ ಶಹಾಬಾದಿನಿಂದ ಬರುವ ಹುಡುಗನೊಬ್ಬ ಸಪ್ಪೆ ಮುಖ ಹೊತ್ತು ಬಂದು ಕುಳಿತ. ಹಿಂದಿನ ದಿನದ ಪಂದ್ಯದ ಕೊನೆಯಲ್ಲಿ ಅವನಿಗೆ ರಾಜನ ಜೊತೆ ಒಂದು ಆನೆ, ಒಂದು ಒಂಟೆ ಉಳಿದಿದ್ದವು. ಎದುರಾಳಿಗೆ ರಾಜ ಮತ್ತು ಆನೆ ಮಾತ್ರ. ಕಾಯಿ ಹೊಡೆಯದೆ, ಕಾಲಾಳು ನಡೆಸದೆ ಇಬ್ಬರೂ ಐವತ್ತು ನಡೆ ಆಡಿದರೆ ಡ್ರಾ ಎಂಬ ನಿಯಮದಂತೆ ಐವತ್ತು ನಡೆ ಎಣಿಸಿ ಆಟ ಡ್ರಾ ಆಗಿತ್ತು. "ಸರ್, ಮೊಬೈಲ್‌ನ್ಯಾಗ ಪ್ಲಸ್ ಮೂರು ತೋರಸ್ಲತ್ತದ ನೋಡ್ರಿ, ಗೆದ್ದ ಆಟ ಕಳಕೊಂಡೆ" ಎನ್ನುತ್ತಾ ಒಂದು ಹಳೆಯ ಆ್ಯಪಿನ ಪರದೆಯನ್ನು ನನ್ನ ಮುಂದೆ ಹಿಡಿದ.

ಆ ಪ್ಲಸ್ ಮೂರರ ಮೇಲೆ, ಅಂದರೆ ಸುಮಾರು ಮೂರು ಕಾಲಾಳಿನ ಬೆಲೆಯಷ್ಟು ಮುಂದಿದ್ದೀಯ ಎನ್ನುವ ಅಂಕಿಯ ಮೇಲೆ, ನನಗೆ ಬಹಳ ದಿನಗಳಿಂದ ತಕರಾರಿದೆ. ನಮ್ಮ ಗಂಜಿನಲ್ಲಿ ಅಡತಿ ವ್ಯಾಪಾರಿ ಚೀಲಕ್ಕೆ ಕೈಹಾಕಿ ಒಂದು ಹಿಡಿ ತೊಗರಿ ತೆಗೆದು, ಅಂಗೈ ಮೇಲೆ ಆಡಿಸಿ, ಇಷ್ಟು ಬಾಳುತ್ತದೆ ಎಂದು ದರ ಹೇಳುತ್ತಾನೆ. ಅನುಭವಿಯಾದರೆ ಅವನ ಮಾತು ಹೆಚ್ಚು ಕಡಿಮೆ ಸರಿಯಾಗಿಯೇ ಇರುತ್ತದೆ. ಆದರೂ ಅದು ಅಂದಾಜು, ತಕ್ಕಡಿಯ ತೂಕವಲ್ಲ. ಎಂಜಿನ್, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಮ್, ತೋರಿಸುವ ಅಂಕಿ ಈ ಬಗೆಯ ಅಂದಾಜು. ತಕ್ಕಡಿಯ ಜಾಗದಲ್ಲಿರುವುದು ಟೇಬಲ್‌ಬೇಸ್, ಅಂದರೆ ಬೋರ್ಡಿನ ಮೇಲೆ ಕೆಲವೇ ಕಾಯಿಗಳು ಉಳಿದಾಗ ಬರಬಹುದಾದ ಪ್ರತಿಯೊಂದು ಸ್ಥಿತಿಯ ಫಲಿತಾಂಶವನ್ನೂ ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕ. ಮಕ್ಕಳು ಇವೆರಡನ್ನೂ ಒಂದೇ ಎಂದು ತಿಳಿಯುವುದು ಸಹಜ, ಆದರೆ ಕಲಿಸುವವರೂ ಹಾಗೆಯೇ ತಿಳಿದಿರುವುದನ್ನು ನಾನು ಕಂಡಿದ್ದೇನೆ.

ಕೋಷ್ಟಕವನ್ನು ಕಟ್ಟುವ ಬಗೆ ನಾವು ಆಡುವ ರೀತಿಗೆ ತಿರುಗುಮುರುಗಾಗಿದೆ. ಮೊದಲು ಚೆಕ್‌ಮೇಟ್ ಆಗಿರುವ ಸ್ಥಿತಿಗಳನ್ನೆಲ್ಲ ಗುರುತಿಸಿ, ಅಲ್ಲಿಂದ ಒಂದೊಂದೇ ನಡೆ ಹಿಂದಕ್ಕೆ ಹೋಗುತ್ತಾ, ಯಾವ ಸ್ಥಿತಿಯಿಂದ ಅಲ್ಲಿಗೆ ತಲುಪಬಹುದು, ಯಾವ ಸ್ಥಿತಿಯಲ್ಲಿ ಎದುರಾಳಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ ಎಂದು ಬರೆದಿಡುತ್ತಾ ಸಾಗಬೇಕು. ಹೊಸದೇನೂ ಸಿಗದಂತಾದಾಗ ಉಳಿದದ್ದೆಲ್ಲ ಡ್ರಾ. ರಾಜ ಮತ್ತು ಒಂದು ಕಾಲಾಳು ಎದುರಿನ ಒಂಟಿ ರಾಜನ ವಿರುದ್ಧ ಇರುವ ಆಟವನ್ನೇ ನೋಡಿ. ಬೋರ್ಡಿನ ಎಡಬಲ ಕನ್ನಡಿಯಂತಿರುವುದರಿಂದ ಕಾಲಾಳಿಗೆ 24 ಮನೆ ಸಾಕು, ರಾಜರಿಬ್ಬರಿಗೆ ತಲಾ 64, ನಡೆ ಯಾರದು ಎಂಬುದಕ್ಕೆ 2. ಗುಣಿಸಿದರೆ 1,96,608 ಸ್ಥಿತಿಗಳು. ಒಂದೊಂದಕ್ಕೆ ಗೆಲುವೋ ಅಲ್ಲವೋ ಎಂಬ ಒಂದೇ ಬಿಟ್ ಮೀಸಲಿಟ್ಟರೆ ಎಲ್ಲವೂ 24 ಕಿಲೋಬೈಟಿನಲ್ಲಿ ಹಿಡಿಯುತ್ತದೆ. ಎಷ್ಟೋ ಎಂಜಿನ್‌ಗಳು ಈ ಪುಟ್ಟ ಕೋಷ್ಟಕವನ್ನು ತಮ್ಮ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದವು.

ಕಾಯಿ ಒಂದೊಂದು ಹೆಚ್ಚಿದಂತೆ ಲೆಕ್ಕ ಕೈಮೀರುತ್ತದೆ. ರಾಜರನ್ನೂ ಸೇರಿಸಿ ಏಳು ಕಾಯಿಗಳಿಗೆ ಸುಮಾರು 424 ಲಕ್ಷ ಕೋಟಿ ಸ್ಥಿತಿಗಳು. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಲೊಮೊನೊಸೊವ್ ಸೂಪರ್‌ಕಂಪ್ಯೂಟರಿನಲ್ಲಿ ಇವನ್ನು ಲೆಕ್ಕ ಹಾಕಿದಾಗ 140 ಟೆರಾಬೈಟ್ ಜಾಗ ಬೇಕಾಯಿತು. ರೊನಾಲ್ಡ್ ಡಿ ಮಾನ್ 2013ರಲ್ಲಿ ರೂಪಿಸಿದ ಸಿಝಿಜಿ ಎಂಬ ಬಿಗಿಯಾದ ಮಾದರಿಯಲ್ಲಿ, 2018ರಲ್ಲಿ ಪೂರ್ಣಗೊಂಡ ಏಳು ಕಾಯಿಗಳ ಕೋಷ್ಟಕ ಸುಮಾರು 17 ಟೆರಾಬೈಟಿಗೆ ಇಳಿದಿದೆ. ಅದನ್ನು ಲಿಚೆಸ್ ತಾಣದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಶಹಾಬಾದಿನ ಹುಡುಗನ ಕೈಯಲ್ಲಿದ್ದ ಅದೇ ಫೋನಿನಲ್ಲಿ ಅದೂ ತೆರೆಯುತ್ತಿತ್ತು.

ಈ ಕೋಷ್ಟಕಗಳು ಮೊದಲು ನಾಚಿಸಿದ್ದು ದೊಡ್ಡ ಆಟಗಾರರನ್ನೇ. 1970ರ ದಶಕದ ಕೊನೆಯಲ್ಲಿ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ರಾಣಿ ಮತ್ತು ಆನೆಯ ನಡುವಿನ ಎಂಡ್‌ಗೇಮಿನ, ಅಂದರೆ ಆಟದ ಕೊನೆಯ ಹಂತದ, ಕೋಷ್ಟಕ ಸಿದ್ಧಪಡಿಸಿ, ಒಟ್ಟು ಆರು ಬಾರಿ ಅಮೆರಿಕದ ಚಾಂಪಿಯನ್ ಆದ ವಾಲ್ಟರ್ ಬ್ರೌನ್‌ರ ಕೈಗೆ ರಾಣಿಯನ್ನು ಕೊಟ್ಟರು. ಪುಸ್ತಕಗಳು ಸುಲಭ ಎಂದು ಬರೆದಿದ್ದ ಗೆಲುವು ಅದು. ಯಂತ್ರವೋ ಆನೆಯನ್ನು ರಾಜನ ಮಗ್ಗುಲಲ್ಲಿ ಬಚ್ಚಿಡದೆ ದೂರ ಒಯ್ದು ಆಡಿತು, ಬ್ರೌನ್‌ರಿಗೆ ಐವತ್ತು ನಡೆಯೊಳಗೆ ಗೆಲ್ಲಲಾಗಲಿಲ್ಲ. ಅವರು ಮನೆಗೆ ಹೋಗಿ ಅಭ್ಯಾಸ ಮಾಡಿ ಮತ್ತೆ ಬಂದರು; ಎರಡನೆಯ ಸಲ ಆನೆ ಸಿಕ್ಕಿದ್ದು ಸರಿಯಾಗಿ ಐವತ್ತನೆಯ ನಡೆಯಲ್ಲಿ. ಮರಳಿ ಬಂದು ಕುಳಿತರಲ್ಲ, ಆ ಕಾರಣಕ್ಕೆ ನನಗೆ ಬ್ರೌನ್‌ರ ಮೇಲೆ ಗೌರವ.

ಐವತ್ತು ನಡೆಯ ನಿಯಮಕ್ಕೂ ಕೋಷ್ಟಕಕ್ಕೂ ಮುಂದೆ ಜಗಳವೇ ಹುಟ್ಟಿತು. ಏಳು ಕಾಯಿಗಳ ಒಂದು ಸ್ಥಿತಿಯಲ್ಲಿ ಚೆಕ್‌ಮೇಟಿಗೆ 549 ನಡೆ ಬೇಕು. ಎರಡು ಕುದುರೆಗಳಿಂದ ಒಂಟಿ ರಾಜನನ್ನು ಬಲವಂತವಾಗಿ ಸೋಲಿಸಲಾಗದು, ಆದರೆ ಅವನಿಗೆ ಒಂದು ಕಾಲಾಳು ಇದ್ದರೆ ಎಷ್ಟೋ ಸಲ ಸೋಲಿಸಬಹುದು. ಆಡಲು ನಡೆಯೇ ಉಳಿಯದೆ ಸ್ಟೇಲ್‌ಮೇಟ್ ಎಂಬ ಡ್ರಾ ಆಗಬೇಕಾದ ಹೊತ್ತಿನಲ್ಲಿ ಆ ಕಾಲಾಳು ನಡೆಯಬೇಕಾಗಿ ಬಂದು ತನ್ನ ರಾಜನನ್ನೇ ಕೊಡಿಸುತ್ತದೆ. ರಷ್ಯಾದ ಎಂಡ್‌ಗೇಮ್ ಸಮಸ್ಯೆಗಳ ರಚನೆಕಾರ ಟ್ರೊಯಿಟ್ಸ್ಕಿ ಇದನ್ನು ಕಂಪ್ಯೂಟರ್ ಹುಟ್ಟುವ ಮೊದಲೇ ಕೈಯಿಂದ ವಿಶ್ಲೇಷಿಸಿದ್ದರು. ಇದರಲ್ಲೂ ಕೆಲವು ಗೆಲುವುಗಳು ನೂರು ನಡೆ ದಾಟುತ್ತವೆ. ಇಂಥ ಕೆಲವು ಎಂಡ್‌ಗೇಮ್‌ಗಳಿಗೆ ಮಿತಿಯನ್ನು ಸಡಿಲಿಸಿದ್ದ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ 1992ರಲ್ಲಿ ಮತ್ತೆ ಐವತ್ತಕ್ಕೇ ಮರಳಿತು, ಅದು ಸರಿಯೆಂದೇ ನನ್ನ ಅಭಿಪ್ರಾಯ. 549 ನಡೆ ಆಡಲು ಮನುಷ್ಯ ಕುಳಿತರೆ ಸಭಾಂಗಣದ ಬಾಡಿಗೆ ಕಟ್ಟುವವರು ಯಾರು? ಸಿಝಿಜಿ ಮಾತ್ರ ಗೆಲುವು, ಸೋಲು, ಡ್ರಾಗಳ ಜೊತೆಗೆ ಇನ್ನೆರಡು ಉತ್ತರಗಳನ್ನೂ ಇಟ್ಟುಕೊಂಡಿದೆ: ನಿಯಮದಿಂದಾಗಿ ಕೈತಪ್ಪುವ ಶಾಪಗ್ರಸ್ತ ಗೆಲುವು, ಅದೇ ನಿಯಮ ಕಾಪಾಡುವ ಪುಣ್ಯವಂತ ಸೋಲು.

ಕೋಷ್ಟಕ ಜೊತೆಗಿದ್ದರೆ ಎಂಜಿನ್ ಏಳು ಕಾಯಿಗಳಿಗೆ ಬಂದೊಡನೆ ಹುಡುಕುವುದನ್ನು ಬಿಟ್ಟು ಉತ್ತರವನ್ನು ಓದಿಕೊಳ್ಳುತ್ತದೆ. ಆಗ ಅದರ ಆಟ ವಿಚಿತ್ರವಾಗಿ ಕಾಣುವುದುಂಟು. ಸಿಝಿಜಿ ಲೆಕ್ಕವಿಡುವುದು ಚೆಕ್‌ಮೇಟಿಗೆ ಇರುವ ದೂರವನ್ನಲ್ಲ, ಐವತ್ತರ ಎಣಿಕೆ ಸೊನ್ನೆಗೆ ಮರಳುವ ನಡೆಗೆ, ಅಂದರೆ ಕಾಯಿ ಹೊಡೆಯುವ ಅಥವಾ ಕಾಲಾಳು ನಡೆಸುವ ಹೊತ್ತಿಗೆ, ಇರುವ ದೂರವನ್ನು. ಹಾಗಾಗಿ ಗೆಲುವು ಉಳಿಯುವುದಾದರೆ ತನ್ನ ಕಾಯಿಯನ್ನೇ ಬಲಿಕೊಟ್ಟು ಬಿಡುತ್ತದೆ. ಇದನ್ನು ನೋಡಿ ಆಟ ಕಲಿಯಲು ಹೊರಟ ಮಗು ಕೆಟ್ಟಂತೆಯೇ.

ಆ ಭಾನುವಾರ ಹುಡುಗನ ಸ್ಕೋರ್‌ಶೀಟನ್ನು ಮುಂದಿಟ್ಟುಕೊಂಡು ನಾವಿಬ್ಬರೂ ಒಂದೊಂದೇ ಸ್ಥಿತಿಯನ್ನು ಕೋಷ್ಟಕದಲ್ಲಿ ನೋಡುತ್ತಾ ಹೋದೆವು. ಡ್ರಾ, ಡ್ರಾ, ಡ್ರಾ. ಅವನು ಏನನ್ನೂ ಕಳೆದುಕೊಂಡಿರಲಿಲ್ಲ, ಆ್ಯಪ್ ಒಂಟೆಯ ಬೆಲೆಯನ್ನಷ್ಟೇ ಎಣಿಸಿತ್ತು ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಒಂದು ಕಡೆ ಗೆಲುವು ಎಂದು ಬಂತು. ಎದುರಾಳಿಯ ರಾಜ ಅಂಚಿಗೆ ಸಿಕ್ಕಿಬಿದ್ದಿದ್ದ. ಗೆಲ್ಲಿಸುವ ನಡೆ ಒಂದೇ ಇತ್ತು, ಅದನ್ನು ಇವನು ಆಡಿರಲಿಲ್ಲ. "ಯಾಕ ಇದೇ ನಡಿ, ಸರ್?" ಎಂದು ಕೇಳಿದ. ಹದಿನೇಳು ಟೆರಾಬೈಟಿನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಇದ್ದದ್ದು 18ನೆಯ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ತೋರಿಸಿಕೊಟ್ಟ ವಿಧಾನದಲ್ಲಿ: ರಾಜರು ಎದುರುಬದುರು, ತನ್ನ ರಾಜನಿಗೆ ಒಂಟೆಯ ಮರೆ, ಆನೆ ಒಮ್ಮೆ ಈ ಬದಿಯಿಂದ, ಒಮ್ಮೆ ಆ ಬದಿಯಿಂದ ಹೆದರಿಸುತ್ತಾ ಎದುರಿನ ಆನೆಯನ್ನು ಕೆಟ್ಟ ಸಾಲಿಗೆ ತಳ್ಳುವುದು.

ಫೋನನ್ನು ಕಪಾಟಿನಲ್ಲಿಟ್ಟು ಆ ಸ್ಥಿತಿಯನ್ನೇ ಜೋಡಿಸಿಕೊಂಡು ಆಡತೊಡಗಿದೆವು. ಮೊದಲೆರಡು ಭಾನುವಾರ ನಾನು ಉಳಿದುಕೊಂಡೆ. ಮೂರನೆಯ ಭಾನುವಾರ ಅವನು ಗೆದ್ದ. ಕೋಷ್ಟಕ ಹೇಳಿದ್ದಕ್ಕಿಂತ ಹೆಚ್ಚೇ ನಡೆ ಹಿಡಿಯಿತು, ಆದರೆ ಐವತ್ತು ದಾಟಿರಲಿಲ್ಲ.