ಪರ-ವಿರೋಧ: ಉದ್ಯೋಗ ವಿನಿಮಯ ಕೇಂದ್ರದ ಸಿಬ್ಬಂದಿಗೆ ಪ್ರತಿ ವರ್ಷ ತರಬೇತಿ ಕಡ್ಡಾಯ ಆಗಬೇಕಾ?

ಪರ: ಹಳೇ ಪಾಠದಲ್ಲಿ ಹೊಸ ಕೆಲಸ ಸಿಗಲ್ಲ
(ಐಟಿಐ ಒಂದರ ಜೆಟಿಒ, ಅಂದರೆ ಕಿರಿಯ ತರಬೇತಿ ಅಧಿಕಾರಿ)

ನಾನು ಐಟಿಐನಲ್ಲಿ ಪಾಠ ಮಾಡುವವನು. ಈಗ ಎಲೆಕ್ಟ್ರಿಕ್ ವಾಹನದ ಮೆಕ್ಯಾನಿಕ್ ಅಂತಲೇ ಒಂದು ಟ್ರೇಡ್ ಬಂದಿದೆ. ಕೆಲವು ಕಡೆ ರೋಬೋಟ್ ನಡೆಸುವುದನ್ನೂ ಕಲಿಸುತ್ತಾರೆ. ಇದಕ್ಕಾಗಿ ಕಲಿಸುವ ನಾವೇ ಮತ್ತೆ ಬೆಂಚಿನ ಮೇಲೆ ಕೂತು ಕಲಿಯಬೇಕಾಯಿತು. ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಂತ ಗೊಣಗಿದವರೂ ಕಲಿತರು. ಹಾಗಿರುವಾಗ ನಮ್ಮ ಹುಡುಗರಿಗೆ ಕೆಲಸದ ದಾರಿ ತೋರಿಸಬೇಕಾದವರು ಮಾತ್ರ ಸೇವೆಗೆ ಸೇರಿದಾಗ ಕಲಿತದ್ದರಲ್ಲೇ ನಿವೃತ್ತಿಯವರೆಗೆ ದೂಡಬಹುದಾ?

ನಮ್ಮ ಹುಡುಗನೊಬ್ಬ ಈ ಎಲೆಕ್ಟ್ರಿಕ್ ವಾಹನದ ಟ್ರೇಡ್ ಪಾಸಾದ ಮೇಲೆ ಹೆಸರು ನೋಂದಾಯಿಸಲು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದ. ಯಾವ ಜಿಲ್ಲೆ ಅಂತ ಬೇಡ ಬಿಡಿ. ಕೌಂಟರಿನಲ್ಲಿದ್ದವರು ಒಳ್ಳೆಯವರೇ, ಕರೆದು ಕೂರಿಸಿದರು. ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ, ‘ಇದು ಗಾಡಿ ರಿಪೇರಿನೇ ಅಲ್ವಾ?’ ಅಂದರು. ಮೌಸ್ ಉರುಳಿಸುತ್ತಾ ಪಟ್ಟಿಯಲ್ಲಿ ಕೆಳಗೆ ಹೋದರು, ಮತ್ತೆ ಮೇಲೆ ಬಂದರು. ಕೊನೆಗೆ, ‘ಹತ್ತಿರದ್ದು ಹಾಕಿಬಿಡ್ತೀನಿ ಸರ್’ ಅಂತ ಡೀಸೆಲ್ ಮೆಕ್ಯಾನಿಕ್ ಅಂತ ಒತ್ತಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಿಂಟ್ ಬಂದಿತ್ತು. ಬದಲಾಯಿಸಿ ಅಂದರೆ, ಸರ್ವರ್ ಸ್ಲೋ ಇದೆ, ಇನ್ನೊಂದು ಸಲ ಬನ್ನಿ ಅಂದರು.

ಆ ಹುಡುಗ ಬ್ಯಾಟರಿ ಪ್ಯಾಕ್ ಬಿಚ್ಚಿ, ಮೀಟರ್ ಹಿಡಿದು, ಯಾವ ಸೆಲ್ ಸತ್ತಿದೆ ಅಂತ ಹೇಳಬಲ್ಲವನು. ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ ಮುಟ್ಟುವ ಮುಂಚೆ ಯಾವ ಪ್ಲಗ್ ಕೀಳಬೇಕು ಅಂತ ಗೊತ್ತಿರುವವನು. ಅವನಿಗೆ ಬಂದ ಕರೆ ಲಾರಿ ಗ್ಯಾರೇಜಿನದು! ಎಂಜಿನ್ ಇಳಿಸಲು ಬರುತ್ತಾ ಅಂತ ಕೇಳಿದರಂತೆ. ಬರಲ್ಲ ಅಂತ ಎದ್ದು ಬಂದ. ಆಮೇಲೆ ಸೀನಿಯರ್ ಒಬ್ಬ ವಾಟ್ಸಾಪ್‌ನಲ್ಲಿ ಕಳಿಸಿದ ಜಾಹೀರಾತು ಹಿಡಿದು ಹೊಸೂರಿನ ಕಡೆ ಕೆಲಸಕ್ಕೆ ಸೇರಿಕೊಂಡ. ಅಂದರೆ ಸರ್ಕಾರಿ ಕಚೇರಿ ಮಾಡಬೇಕಾದ ಕೆಲಸವನ್ನು ವಾಟ್ಸಾಪ್ ಮಾಡಿತು.

ಆ ಗುಮಾಸ್ತರನ್ನು ಬೈದು ಏನೂ ಪ್ರಯೋಜನವಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಉದ್ಯೋಗಗಳ ರಾಷ್ಟ್ರೀಯ ವರ್ಗೀಕರಣ, ಅಂದರೆ ಪ್ರತಿ ಕೆಲಸಕ್ಕೂ ಒಂದು ಕೋಡ್ ಕೊಡುವ ಎನ್‌ಸಿಒ ಪಟ್ಟಿ, 1968ರದ್ದು ಹೋಗಿ 2004ರದ್ದು ಬಂತು. ಅದೂ ಹೋಗಿ ಎಂಟು ಅಂಕಿಯ ಕೋಡ್ ಇರುವ 2015ರದ್ದು ಬಂತು. ಅದೇ ವರ್ಷ ಕೆಲಸ ಹುಡುಕುವವರಿಗಾಗಿ ಕೇಂದ್ರ ಸರ್ಕಾರದ ಎನ್‌ಸಿಎಸ್ ಪೋರ್ಟಲ್ ಕೂಡ ಶುರುವಾಯಿತು. ನೋಂದಾಯಿಸಿದವರ ವಿವರ ಬರೆದಿಡುತ್ತಿದ್ದ ಎಕ್ಸ್-1 ಕಾರ್ಡಿನ ಕಾಲ ಮುಗಿಯಿತು. ಇಷ್ಟೆಲ್ಲ ಬದಲಾಗುವಾಗ ಕೌಂಟರಿನಲ್ಲಿ ಕೂತವರಿಗೆ ಎಷ್ಟು ಸಲ ಪಾಠ ಆಯಿತು?

ಇದು ನನ್ನ ಸ್ವಂತ ಆಸೆಯೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 88ನೇ ಒಪ್ಪಂದದಲ್ಲಿ ಉದ್ಯೋಗ ಸೇವೆಯ ಸಿಬ್ಬಂದಿಗೆ ತಕ್ಕ ತರಬೇತಿ ಇರಬೇಕು ಅಂತ ಇದೆ. ಭಾರತ ಅದಕ್ಕೆ 1959ರಲ್ಲೇ ಒಪ್ಪಿದೆ. ಈ ಸೇವೆಯವರ ತರಬೇತಿಗೆಂದೇ 1964ರಲ್ಲಿ ಕೇಂದ್ರ ಸರ್ಕಾರ ಒಂದು ಸಂಸ್ಥೆಯನ್ನೂ ಮಾಡಿತು. ಈಗ ಅದು ನೋಯ್ಡಾದಲ್ಲಿದೆ. ಬೀದರಿನಿಂದ, ಚಾಮರಾಜನಗರದಿಂದ ಎಷ್ಟು ಜನ ಅಲ್ಲಿಗೆ ಹೋಗಿ ಬರಲು ಆಗುತ್ತೆ? ತರಬೇತಿ ಜಿಲ್ಲೆಗೇ ಬರಲಿ. ವರ್ಷಕ್ಕೊಮ್ಮೆ ನಮ್ಮ ವರ್ಕ್‌ಶಾಪಿಗೆ ಬಂದು ಒಂದು ದಿನ ನಿಂತು ನೋಡಲಿ, ಚಹಾ ನಮ್ಮದು. ಸಿಬ್ಬಂದಿ ಕಡಿಮೆ, ಬಿಡುವಿಲ್ಲ ಅನ್ನುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಸಿಬ್ಬಂದಿ ಜಾಸ್ತಿ ಇದ್ದ ಕಾಲ ಯಾವುದು ಹೇಳಿ?

ವಿರೋಧ: ಕೌಂಟರಿನಲ್ಲಿ ಕೂರುವವರು ಯಾರು?
(ನಿವೃತ್ತ ನೌಕರ, ಉದ್ಯೋಗ ವಿನಿಮಯ ಕೇಂದ್ರ)

ಕಲಿಯಬೇಡಿ ಅಂತ ಬರೆಯುವುದು ಕಷ್ಟ. ವಿರೋಧದ ಪಾಲು ನನಗೆ ಬಂದಿದೆ, ಬರೆಯುತ್ತೇನೆ. ಕಲಿಯಲಿ, ಆದರೆ ಕಡ್ಡಾಯ ಬೇಡ.

ನಾನಿದ್ದ ಕಚೇರಿಯಲ್ಲಿ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಊಟಕ್ಕೆ ಏಳುವಂತಿರಲಿಲ್ಲ. ಅಂಥ ಕಡೆ ಒಬ್ಬರನ್ನು ವಾರ ಪೂರ್ತಿ ತರಬೇತಿಗೆ ಕಳಿಸಿದರೆ ಬಾಗಿಲಿಗೆ ಬೀಗವೇ ಗತಿ. ಹೋಗಲಿ, ಆನ್‌ಲೈನ್ ಕೋರ್ಸ್ ಅಂತೀರಾ? ಅದನ್ನೂ ಕಣ್ಣಾರೆ ನೋಡಿದ್ದೇನೆ. ವಿಡಿಯೋ ಹಾಕಿ, ದನಿ ಪೂರ್ತಿ ಇಳಿಸಿ, ಪಕ್ಕದಲ್ಲಿ ರಿಜಿಸ್ಟರ್ ಬರೆಯುತ್ತಿರುತ್ತಾರೆ. ಮಧ್ಯೆ ಮಧ್ಯೆ ‘ನೆಕ್ಸ್ಟ್’ ಒತ್ತುತ್ತಾರೆ. ಸಂಜೆಗೆ ಪ್ರಮಾಣಪತ್ರ ರೆಡಿ. ಮೇಲಿನವರಿಗೂ ಖುಷಿ, ಕೆಳಗಿನವರಿಗೂ ಖುಷಿ.

ರೋಬೋಟ್ ಹುಡುಗರು ಸಾಲುಗಟ್ಟಿ ನಿಂತಿದ್ದಾರೆ ಅನ್ನುವ ಹಾಗೆ ಕೆಲವರು ಮಾತಾಡುತ್ತಾರೆ. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಪಿಯುಸಿ, ಬಿಎ ಮಾಡಿದವರೇ ಜಾಸ್ತಿ. ಈಗಿನವರು ಕೇಳುವುದು ಯುವನಿಧಿ ದುಡ್ಡು ಯಾಕೆ ನಿಂತಿತು ಅಂತ. ಅದಕ್ಕೆ ಉತ್ತರ ಹೇಳಲು ಎಂಟು ಅಂಕಿಯ ಕೋಡ್ ಬೇಡ, ತಾಳ್ಮೆ ಬೇಕು.

ಇನ್ನು ಕೆಲಸ ಎಲ್ಲಿಂದ ಬರಬೇಕು? ಉದ್ಯೋಗ ವಿನಿಮಯ ಕೇಂದ್ರಗಳ 1959ರ ಕಾಯ್ದೆ 25 ಜನಕ್ಕಿಂತ ಕಡಿಮೆ ಇಲ್ಲದ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆ ತಿಳಿಸಬೇಕು ಅಂದಿತೇ ಹೊರತು ನಮ್ಮಿಂದಲೇ ಜನ ತಗೋಬೇಕು ಅನ್ನಲಿಲ್ಲ. ನಾವು ಕಳಿಸಿದವರನ್ನು ಮಾತ್ರ ಪರಿಗಣಿಸಿದರೆ ಸಾಲದು, ಜಾಹೀರಾತೂ ಕೊಡಿ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೀರ್ಪು ಸರಿಯೇ, ಆದರೆ ಆಮೇಲೆ ನಮ್ಮ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲ. ಕೊಡಲು ಕೆಲಸವೇ ಇಲ್ಲದ ಕಡೆ ಕೆಲಸ ಕೊಡಿಸುವವರಿಗೆ ಎಷ್ಟು ಕಲಿಸಿದರೆ ಏನು?

ಪಟ್ಟಿ ಬದಲಾದಾಗ ಹೇಳಿಕೊಡಬಾರದಾ ಅಂದರೆ, ಕೊಡಲಿ ಪಾಪ. ಒಂದು ಮಧ್ಯಾಹ್ನ ಸಾಕು. ಆ ಜೆಟಿಒ ಕರೆದರೆ ನಾನೂ ಹೋಗುತ್ತಿದ್ದೆ, ಚಹಾ ಕೊಡ್ತಾರಂತಲ್ಲ.